ಸಣ್ಣ ಸಾಫ್ಟ್‌ವೇರ್ ತಂಡಕ್ಕೆ ಲೀನ್ ಪದ್ಧತಿ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೇವೆ

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಗಳಲ್ಲಿ ಮೂರು ನಾಲ್ಕು ಜನ ಸೇರಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವರಿಂದಲೂ, ಬೆಂಗಳೂರು ಮೈಸೂರಿನ ಕಂಪನಿಗಳಿಗೆ ಊರಿನ ಮನೆಯಲ್ಲೇ ಕೂತು ದುಡಿಯುತ್ತಿರುವವರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: ‘ಲೀನ್ ಅಳವಡಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನಾಳೆ ಬೆಳಿಗ್ಗೆ ನಾವು ಮಾಡಬೇಕಾದದ್ದು ಏನು?’ ಲೀನ್ ಎಂದರೆ ವ್ಯರ್ಥವನ್ನು ತೆಗೆದು ಬೇಕಾದಷ್ಟನ್ನೇ ಬೇಗ ತಲುಪಿಸುವ ಕೆಲಸದ ಪದ್ಧತಿ. ಅದರ ತತ್ತ್ವಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಸಿಗದಿರುವುದು ಅವುಗಳನ್ನು ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕು ಎಂಬ ವಿವರ. ಈ ಲೇಖನದಲ್ಲಿ ಆ ಕ್ರಮವನ್ನು ಹಂತಹಂತವಾಗಿ ಕೊಟ್ಟಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ತಂಡದಲ್ಲಿ ಅತಿ ಹೆಚ್ಚು ನಷ್ಟವಾಗುವುದು ಕೋಡ್ ಬರೆಯುವ ವೇಗ ಸಾಲದೆ ಅಲ್ಲ, ಶುರು ಮಾಡಿದ ಕೆಲಸವನ್ನು ಮುಗಿಸದೆ ಇನ್ನೊಂದನ್ನು ಶುರು ಮಾಡುವುದರಿಂದ. ಕಾಯುವಿಕೆ, ಮರೆವು, ದೋಷ, ಗ್ರಾಹಕರ ಸಿಟ್ಟು ಇವೆಲ್ಲ ಬಹುಪಾಲು ಅದರ ಹಿಂದೆಯೇ ಬರುತ್ತವೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಮೊದಲ ಮೂರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವನ್ನು ಅವು ಕೈಗೂಡಿದ ಮೇಲೆ ಮಾಡಿದರೆ ಸಾಕು.

ಹಿನ್ನೆಲೆ, ಚುಟುಕಾಗಿ

ಲೀನ್ ಹುಟ್ಟಿದ್ದು ಕಾರು ಕಾರ್ಖಾನೆಯಲ್ಲಿ. ಎರಡನೇ ಮಹಾಯುದ್ಧದ ನಂತರದ ಜಪಾನಿನಲ್ಲಿ, ಬಂಡವಾಳಕ್ಕೂ ಗೋದಾಮಿಗೂ ಕೊರತೆಯಿದ್ದ ಕಾಲದಲ್ಲಿ, ಟೊಯೋಟಾ ಕಂಪನಿಯು ತಾಯಿಚಿ ಓನೋ ಎಂಬ ಎಂಜಿನಿಯರ್ ಮುಂದಾಳುತನದಲ್ಲಿ ಬೇಕಾದದ್ದನ್ನು ಬೇಕಾದಾಗ ಬೇಕಾದಷ್ಟೇ ತಯಾರಿಸುವ ಪದ್ಧತಿಯನ್ನು ಕಟ್ಟಿತು. ಈ ಪದ್ಧತಿಯನ್ನು ಅಧ್ಯಯನ ಮಾಡುತ್ತಿದ್ದ ಜಾನ್ ಕ್ರಾಫ್ಚಿಕ್ 1988ರಲ್ಲಿ ಅದಕ್ಕೆ ‘ಲೀನ್’ ಎಂಬ ಹೆಸರು ಕೊಟ್ಟರು. ಅನಗತ್ಯ ಕೊಬ್ಬಿಲ್ಲದ ಪದ್ಧತಿ ಎಂಬುದು ಅದರ ಆಶಯ. ಮೈಸೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವಾಗ ಸಿಗುವ ಬಿಡದಿಯಲ್ಲಿ ಇದೇ ಟೊಯೋಟಾದ ಕಾರ್ಖಾನೆಯಿದೆ. 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಅದನ್ನು ನಡೆಸುತ್ತಿದೆ.

ಸಾಫ್ಟ್‌ವೇರಿಗೆ ಇದನ್ನು ಒಗ್ಗಿಸಿದವರು ಅಮೆರಿಕದ ಮೇರಿ ಮತ್ತು ಟಾಮ್ ಪಾಪೆಂಡೀಕ್ ದಂಪತಿ. 2003ರಲ್ಲಿ ಅವರು ಏಳು ತತ್ತ್ವಗಳನ್ನು ಮುಂದಿಟ್ಟರು: ವ್ಯರ್ಥವನ್ನು ತೆಗೆಯುವುದು, ಕಲಿಕೆಯನ್ನು ಹೆಚ್ಚಿಸುವುದು, ತೀರ್ಮಾನವನ್ನು ಸಾಧ್ಯವಾದಷ್ಟು ತಡವಾಗಿ ಮಾಡುವುದು, ಸಾಧ್ಯವಾದಷ್ಟು ಬೇಗ ತಲುಪಿಸುವುದು, ಕೆಲಸ ಮಾಡುವವರ ಕೈಗೇ ಅಧಿಕಾರ ಕೊಡುವುದು, ಗುಣಮಟ್ಟವನ್ನು ಒಳಗೇ ಕಟ್ಟುವುದು, ಒಟ್ಟು ವ್ಯವಸ್ಥೆಯನ್ನು ನೋಡುವುದು. ಪಟ್ಟಿಯಲ್ಲಿ ಕೊನೆಯದಾದ ಒಟ್ಟು ನೋಟವೇ ಕಾರ್ಯರೂಪದಲ್ಲಿ ಮೊದಲು ಬರಬೇಕು ಎಂಬುದನ್ನು ಮುಂದೆ ಕಾಣುತ್ತೀರಿ.

ಬೇಕಾಗುವ ಸಾಮಗ್ರಿ

ಒಂದು ಖಾಲಿ ಗೋಡೆ ಅಥವಾ ಬಿಳಿ ಹಲಗೆ, ಅಂಟುಚೀಟಿಗಳ ಕಟ್ಟು, ದಪ್ಪ ಮಸಿಯ ಪೆನ್ನು. ಕೋಡಿನ ಎಲ್ಲ ಬದಲಾವಣೆಗಳೂ ದಾಖಲಾಗುವ ಗಿಟ್‌ನಂಥ ವ್ಯವಸ್ಥೆ. ವಾರಕ್ಕೆ ಒಂದು ಗಂಟೆ ಎಲ್ಲರೂ ಒಟ್ಟಿಗೆ ಕೂರುವ ಒಪ್ಪಂದ. ‘ಇದು ಮೊದಲು, ಅದು ಆಮೇಲೆ’ ಎಂದು ಹೇಳುವ ಅಧಿಕಾರವಿರುವ ಒಬ್ಬ ವ್ಯಕ್ತಿ. ಇಷ್ಟೇ. ಕೆಲಸದ ಪಟ್ಟಿಯನ್ನು ಪರದೆಯ ಮೇಲೆ ತೋರಿಸುವ ಜಿರಾ, ಟ್ರೆಲೊಗಳಂಥ ಸಾಧನಗಳನ್ನು ಮೊದಲ ತಿಂಗಳಲ್ಲಿ ಕೊಳ್ಳಬೇಡಿ, ಏಕೆಂದರೆ ಸಾಧನ ಬಂದ ಕೂಡಲೇ ತಂಡದ ಗಮನವೆಲ್ಲ ಅದರ ಕಾಲಂ ಬಣ್ಣ ಬದಲಿಸುವುದರಲ್ಲಿ ಕಳೆದುಹೋಗುತ್ತದೆ. ತಂಡದವರು ಬೇರೆ ಬೇರೆ ಊರುಗಳಲ್ಲಿದ್ದರೆ ಎಲ್ಲರೂ ತಿದ್ದಬಹುದಾದ ಒಂದು ಹಂಚಿಕೆಯ ಶೀಟ್ ಸಾಕಾಗುತ್ತದೆ.

ವಿವರಣೆಗಾಗಿ ಒಂದು ತಂಡವನ್ನು ಕಲ್ಪಿಸಿಕೊಳ್ಳೋಣ. ಕುಶಾಲನಗರದಲ್ಲಿ ನಾಲ್ವರಿದ್ದಾರೆ, ಕಾಫಿ ತೋಟಗಳಿಗೆ ಮೊಬೈಲ್ ಆ್ಯಪ್ ಮಾಡಿಕೊಡುತ್ತಾರೆ. ತೋಟದ ರೈಟರ್ ಬೆಳಿಗ್ಗೆ ಕಾರ್ಮಿಕರ ಹಾಜರಿಯನ್ನೂ, ಸಂಜೆ ಒಬ್ಬೊಬ್ಬರೂ ಕೊಯ್ದ ಹಣ್ಣಿನ ತೂಕವನ್ನೂ ಅದರಲ್ಲಿ ದಾಖಲಿಸುತ್ತಾರೆ. ವಾರದ ಕೊನೆಗೆ ಆ್ಯಪ್ ಬಟವಾಡೆ ಪಟ್ಟಿಯನ್ನು ಸಿದ್ಧಮಾಡಿ ಕೊಡುತ್ತದೆ. ಮುಂದಿನ ಲೆಕ್ಕಗಳೆಲ್ಲ ಈ ತಂಡದ ಮೇಲೆ ಕಟ್ಟಿದ ಉದಾಹರಣೆಗಳು.

ಹಂತ 1: ಒಂದು ಕೋರಿಕೆ ನಡೆದು ಬಂದ ದಾರಿಯನ್ನು ಬರೆಯಿರಿ

ಇತ್ತೀಚೆಗೆ ಮುಗಿದ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಗ್ರಾಹಕರು ಕೇಳಿದ ದಿನದಿಂದ ಅವರು ಅದನ್ನು ನಿಜವಾಗಿ ಬಳಸಿದ ದಿನದವರೆಗೆ ಏನೇನು ನಡೆಯಿತು ಎಂಬುದನ್ನು ಎಡದಿಂದ ಬಲಕ್ಕೆ ಒಂದು ಗೆರೆಯ ಮೇಲೆ ಬರೆಯಿರಿ. ಕೈಯಿಟ್ಟು ಕೆಲಸ ಮಾಡಿದ ಹೊತ್ತನ್ನು ಗೆರೆಯ ಮೇಲೆ ಗಂಟೆಗಳಲ್ಲಿಯೂ, ಸುಮ್ಮನೆ ಬಿದ್ದಿದ್ದ ಹೊತ್ತನ್ನು ಗೆರೆಯ ಕೆಳಗೆ ದಿನಗಳಲ್ಲಿಯೂ ನಮೂದಿಸಿ. ಇದನ್ನು ಮೌಲ್ಯಪ್ರವಾಹದ ನಕ್ಷೆ ಎನ್ನುತ್ತಾರೆ, ಅಂದರೆ ಗ್ರಾಹಕರಿಗೆ ಉಪಯೋಗವಾಗುವ ವಸ್ತು ಯಾವ ಯಾವ ಕೈ ದಾಟಿ ಬಂತು ಎಂಬುದರ ಚಿತ್ರ.

ನಮ್ಮ ಕಲ್ಪಿತ ತಂಡಕ್ಕೆ ಒಬ್ಬ ತೋಟದ ಮಾಲೀಕರು ಹೀಗೆ ಕೇಳಿದರೆನ್ನಿ: ‘ಕಾರ್ಮಿಕರು ತೆಗೆದುಕೊಂಡ ಮುಂಗಡ ಬಟವಾಡೆ ಪಟ್ಟಿಯಲ್ಲಿ ತಾನಾಗಿ ಕಳೆಯುವಂತಾಗಬೇಕು.’ ವಾಟ್ಸ್ಆ್ಯಪ್‌ನಲ್ಲಿ ಬಂದ ಆ ಸಂದೇಶ ತಂಡದ ಸಭೆಗೆ ಬರಲು 6 ದಿನ ಹಿಡಿಯಿತು. ಚರ್ಚೆ 1 ಗಂಟೆ. ಪ್ರೋಗ್ರಾಮರ್ ಕೈ ಖಾಲಿಯಾಗಲು 9 ದಿನ. ಕೋಡ್ ಬರೆದದ್ದು 12 ಗಂಟೆ, ಅದು 2 ದಿನಗಳಲ್ಲಿ ಹರಡಿತ್ತು. ಇನ್ನೊಬ್ಬರು ಕೋಡ್ ಓದಿ ನೋಡುವ ರಿವ್ಯೂಗಾಗಿ 4 ದಿನ ಕಾದು, ರಿವ್ಯೂ ಮುಗಿದದ್ದು 1 ಗಂಟೆಯಲ್ಲಿ. ಪರೀಕ್ಷೆಗೆ 5 ದಿನ ಕಾದು, ಪರೀಕ್ಷೆ ನಡೆದದ್ದು 3 ಗಂಟೆ. ಅಲ್ಲಿ ಕಂಡ ದೋಷ ಮತ್ತೆ 3 ದಿನ ಬಿದ್ದಿತ್ತು, ತಿದ್ದಿದ್ದು 2 ಗಂಟೆ. ಕೊನೆಗೆ ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುವ ಪದ್ಧತಿಯಿದ್ದುದರಿಂದ 10 ದಿನ ಕಾದು, 1 ಗಂಟೆಯಲ್ಲಿ ಬಿಡುಗಡೆಯಾಯಿತು.

ಕೂಡಿ ನೋಡಿ. ಕೈಯಿಟ್ಟು ಮಾಡಿದ ಕೆಲಸ 20 ಗಂಟೆ, ಕಳೆದದ್ದು 39 ಕೆಲಸದ ದಿನ. ದಿನಕ್ಕೆ 8 ಗಂಟೆಯಂತೆ ಲೆಕ್ಕ ಹಾಕಿದರೆ 312 ಗಂಟೆಗಳಲ್ಲಿ 20, ಅಂದರೆ ನೂರಕ್ಕೆ ಸುಮಾರು ಆರು. ಪ್ರೋಗ್ರಾಮರ್ ಎರಡರಷ್ಟು ವೇಗವಾಗಿ ಕೋಡ್ ಬರೆದಿದ್ದರೆ ಆ 39 ದಿನಗಳಲ್ಲಿ ಉಳಿಯುತ್ತಿದ್ದದ್ದು ಒಂದೇ ದಿನ. ಕೃತಕ ಬುದ್ಧಿಮತ್ತೆಯ ಸಹಾಯದಿಂದ ಕೋಡ್ ಬೇಗ ಬರುತ್ತದೆ ಎಂದು ಸಂತೋಷಪಡುವವರು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು. ರಿವ್ಯೂ ಮತ್ತು ಪರೀಕ್ಷೆಯ ಸಾಲು ಹಾಗೇ ಇದ್ದರೆ ಬೇಗ ಬಂದ ಕೋಡ್ ಆ ಸಾಲನ್ನು ಉದ್ದ ಮಾಡುತ್ತದೆ, ಅಷ್ಟೆ.

ಎಚ್ಚರಿಕೆ: ಈ ನಕ್ಷೆಯನ್ನು ನೆನಪಿನಿಂದ ಬರೆಯಬೇಡಿ. ವಾಟ್ಸ್ಆ್ಯಪ್ ಸಂದೇಶದ ದಿನಾಂಕ, ಗಿಟ್‌ನಲ್ಲಿರುವ ದಾಖಲೆ, ಪ್ಲೇ ಸ್ಟೋರಿನಲ್ಲಿ ಆವೃತ್ತಿ ಬಿಟ್ಟ ದಿನ ಇವನ್ನು ತೆರೆದು ನೋಡಿ. ನೆನಪು ಯಾವಾಗಲೂ ಕಾದ ದಿನಗಳನ್ನು ಕಡಿಮೆ ಮಾಡಿ ಹೇಳುತ್ತದೆ. ಹಾಗೆಯೇ ಯಾರಿಂದ ತಡವಾಯಿತು ಎಂಬ ವಿಚಾರಣೆಯಾಗಿ ಇದು ತಿರುಗದಂತೆ ನೋಡಿಕೊಳ್ಳಿ. ಒಮ್ಮೆ ಹಾಗಾದರೆ ಮುಂದಿನ ನಕ್ಷೆಯಲ್ಲಿ ಯಾರೂ ನಿಜ ಹೇಳುವುದಿಲ್ಲ.

ಹಂತ 2: ಕೆಲಸವನ್ನೆಲ್ಲ ಗೋಡೆಯ ಮೇಲೆ ತನ್ನಿ

ಈಗ ನಡೆಯುತ್ತಿರುವ ಪ್ರತಿಯೊಂದು ಕೆಲಸಕ್ಕೂ ಒಂದು ಚೀಟಿ. ನಕ್ಷೆಯಲ್ಲಿ ಕಂಡ ಹಂತಗಳೇ ಗೋಡೆಯ ಕಾಲಂಗಳು: ಬಂದಿದೆ, ಬರೆಯುತ್ತಿದ್ದೇವೆ, ರಿವ್ಯೂ, ಪರೀಕ್ಷೆ, ಬಿಡುಗಡೆ, ಬಳಕೆಯಲ್ಲಿದೆ. ಇದು ಮುಂದಿನ ಹಂತಕ್ಕೆ ಏನು, ಎಷ್ಟು ಬೇಕೆಂದು ತಿಳಿಸಲು ಟೊಯೋಟಾ ಬಳಸಿದ ಕಾನ್ಬಾನ್ ಚೀಟಿಯ ಸಾಫ್ಟ್‌ವೇರ್ ರೂಪ. ಚೀಟಿಯ ಮೂಲೆಯಲ್ಲಿ ಅದು ಬಂದ ದಿನಾಂಕವನ್ನು ತಪ್ಪದೆ ಬರೆಯಿರಿ.

ಫೋನಿನಲ್ಲಿ ಬಂದ ‘ಸಣ್ಣ ಸಹಾಯ’ಗಳು, ಹಳೆಯ ಗ್ರಾಹಕರ ದುರಸ್ತಿ, ಸರ್ವರ್ ನೋಡಿಕೊಳ್ಳುವುದು ಇವುಗಳಿಗೂ ಚೀಟಿ ಬೇಕು. ಗೋಡೆಯ ಮೇಲೆ ಕಾಣದ ಕೆಲಸವೇ ಬಹುಪಾಲು ತಂಡಗಳ ಅರ್ಧ ದಿನವನ್ನು ತಿನ್ನುವುದು. ಕೊನೆಯ ಕಾಲಂ ‘ಮುಗಿದಿದೆ’ ಎಂದಿರದೆ ‘ಬಳಕೆಯಲ್ಲಿದೆ’ ಎಂದಿರಲಿ. ರೈಟರ್ ತಮ್ಮ ಫೋನಿನಲ್ಲಿ ಹೊಸ ಆವೃತ್ತಿಯನ್ನು ಹಾಕಿಕೊಂಡು ಒಂದು ಬಟವಾಡೆ ಮಾಡುವ ತನಕ ಚೀಟಿ ಅಲ್ಲಿಗೆ ಹೋಗಬಾರದು.

ಹಂತ 3: ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿ

ಇಡೀ ಲೇಖನದಲ್ಲಿ ಒಂದನ್ನು ಮಾತ್ರ ಮಾಡುವುದಾದರೆ ಇದನ್ನು ಮಾಡಿ. ಗೋಡೆಯ ಪ್ರತಿ ಕಾಲಂ ಮೇಲೆ ಒಂದು ಸಂಖ್ಯೆ ಬರೆಯಿರಿ. ಆ ಕಾಲಂನಲ್ಲಿ ಅದಕ್ಕಿಂತ ಹೆಚ್ಚು ಚೀಟಿ ಇರುವಂತಿಲ್ಲ. ನಾಲ್ವರ ತಂಡಕ್ಕೆ ‘ಬರೆಯುತ್ತಿದ್ದೇವೆ’ ಎಂಬಲ್ಲಿ 3, ‘ರಿವ್ಯೂ’ ಎಂಬಲ್ಲಿ 2, ‘ಪರೀಕ್ಷೆ’ ಎಂಬಲ್ಲಿ 2 ಎಂದು ಆರಂಭಿಸಬಹುದು. ರಿವ್ಯೂ ಕಾಲಂ ತುಂಬಿದ್ದರೆ ಕೋಡ್ ಬರೆದು ಮುಗಿಸಿದವರು ಹೊಸದನ್ನು ಶುರು ಮಾಡಬಾರದು, ಎದ್ದು ಹೋಗಿ ರಿವ್ಯೂ ಮಾಡಬೇಕು.

ಇದನ್ನು ಹೇಳಿದಾಗ ಬರುವ ಮೊದಲ ಆಕ್ಷೇಪ ‘ಹಾಗಾದರೆ ಒಬ್ಬರು ಸುಮ್ಮನೆ ಕೂರಬೇಕಾಗುತ್ತದಲ್ಲ?’ ಎಂಬುದು. ಕಣದಲ್ಲಿ ಒಣಹಾಕಲು ಜಾಗವಿಲ್ಲದಾಗ ಆಳು ಸಿಕ್ಕಿದ್ದಾರೆಂದು ಹಣ್ಣು ಕೊಯ್ಸುತ್ತಲೇ ಹೋದರೆ ಏನಾಗುತ್ತದೆ ಎಂಬುದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ರಾಶಿಯಲ್ಲಿ ಬಿಸಿಯೇರಿ, ಹುಳಿತು, ಕೊಯ್ದ ಕೂಲಿಯೂ ದಂಡವಾಗುತ್ತದೆ. ರಿವ್ಯೂ ಆಗದೆ ಬಿದ್ದಿರುವ ಕೋಡಿಗೂ ಇದೇ ಗತಿ: ಬರೆದವರಿಗೆ ವಿವರ ಮರೆತುಹೋಗಿರುತ್ತದೆ, ಸುತ್ತಲಿನ ಕೋಡ್ ಬದಲಾಗಿರುತ್ತದೆ, ಎರಡನ್ನೂ ಸೇರಿಸುವುದೇ ಹೊಸ ಕೆಲಸವಾಗುತ್ತದೆ.

ಇದರ ಹಿಂದೆ ಗಣಿತವೂ ಇದೆ. ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ಸರದಿ ಸಾಲಿನ ನಿಯಮದ ಪ್ರಕಾರ, ವ್ಯವಸ್ಥೆಯೊಳಗಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಕೆಲಸಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕೆಲಸ ಒಳಗೆ ಕಳೆಯುವ ಸರಾಸರಿ ವಾರಗಳು ಸಿಗುತ್ತವೆ. ಗೋಡೆಯ ಮೇಲೆ 12 ಚೀಟಿಗಳಿದ್ದು ವಾರಕ್ಕೆ 3 ಮುಗಿಯುತ್ತಿದ್ದರೆ ಒಂದೊಂದಕ್ಕೂ ಸರಾಸರಿ 4 ವಾರ. ಮುಗಿಯುವ ವೇಗ ಹಾಗೆಯೇ ಇದ್ದು ಚೀಟಿಗಳನ್ನು 6ಕ್ಕೆ ಇಳಿಸಿದರೆ 2 ವಾರ. ಯಾರೂ ಹೆಚ್ಚು ದುಡಿಯಲಿಲ್ಲ, ಯಾರನ್ನೂ ಹೊಸದಾಗಿ ಸೇರಿಸಿಕೊಳ್ಳಲಿಲ್ಲ. ಈ ನಿಯಮ ಸರಾಸರಿಗಳಿಗೆ ಅನ್ವಯಿಸುವಂಥದ್ದು. ಬರುವ ಕೆಲಸ ಮತ್ತು ಮುಗಿಯುವ ಕೆಲಸ ಹೆಚ್ಚುಕಡಿಮೆ ಸಮವಾಗಿರುವಾಗ ಮಾತ್ರ ಲೆಕ್ಕ ಕೂಡಿಬರುತ್ತದೆ. ಒಂದು ನಿರ್ದಿಷ್ಟ ಕೆಲಸಕ್ಕೆ ದಿನಾಂಕ ಹೇಳಲು ಇದನ್ನು ಬಳಸಬೇಡಿ.

ಮಿತಿಯನ್ನು ಮುರಿಯುವ ಒತ್ತಡ ಮೊದಲ ವಾರದಲ್ಲೇ ಬರುತ್ತದೆ. ಯಾರೋ ದೊಡ್ಡ ತೋಟದವರು ಫೋನ್ ಮಾಡಿ ‘ಈಗಲೇ ಬೇಕು’ ಎನ್ನುತ್ತಾರೆ. ಇದಕ್ಕಾಗಿ ಗೋಡೆಯ ಮೇಲ್ತುದಿಯಲ್ಲಿ ತುರ್ತಿಗೆಂದು ಒಂದೇ ಒಂದು ಚೀಟಿಯ ಜಾಗವಿಡಿ. ಅದು ತುಂಬಿದ್ದರೆ ಎರಡನೇ ತುರ್ತು ಕಾಯಬೇಕು. ಅದನ್ನು ಗ್ರಾಹಕರಿಗೆ ಹೇಳುವ ಹೊಣೆ, ಮೊದಲೇ ಹೇಳಿದ ಆ ಒಬ್ಬ ತೀರ್ಮಾನಕಾರರದು. ಪ್ರೋಗ್ರಾಮರ್ ತಲೆಗೆ ಅದನ್ನು ಕಟ್ಟಬೇಡಿ.

ಹಂತ 4: ವ್ಯರ್ಥಗಳನ್ನು ಒಂದೊಂದಾಗಿ ಹಿಡಿಯಿರಿ

ಓನೋ ಅವರು ಕಾರ್ಖಾನೆಯಲ್ಲಿ ಏಳು ಬಗೆಯ ವ್ಯರ್ಥಗಳನ್ನು ಗುರುತಿಸಿದ್ದರು. ಅವು ಸಾಫ್ಟ್‌ವೇರಿಗೆ ಬಂದಾಗ ಅರೆಬರೆ ಕೆಲಸ, ಬೇಡದ ಸೌಲಭ್ಯ, ಕಲಿತದ್ದನ್ನೇ ಮತ್ತೆ ಕಲಿಯುವುದು, ಕೈಯಿಂದ ಕೈಗೆ ದಾಟಿಸುವುದು, ಕೆಲಸದಿಂದ ಕೆಲಸಕ್ಕೆ ಹಾರುವುದು, ಕಾಯುವುದು, ದೋಷ ಎಂದಾದವು. ಮೂರನೇ ಹಂತವನ್ನು ಸರಿಯಾಗಿ ಮಾಡಿದ್ದರೆ ಇವುಗಳಲ್ಲಿ ಅರೆಬರೆ ಕೆಲಸ, ಹಾರುವಿಕೆ, ಕಾಯುವಿಕೆಗಳು ತಾವಾಗಿಯೇ ಕರಗತೊಡಗುತ್ತವೆ. ಉಳಿದವುಗಳಲ್ಲಿ ನಾನು ಮೊದಲು ಕೈಹಾಕುವುದು ಬೇಡದ ಸೌಲಭ್ಯಕ್ಕೆ.

ನಮ್ಮ ತಂಡ ಆ್ಯಪಿನಲ್ಲಿ ಔಟ್‌ಟರ್ನ್ ಲೆಕ್ಕದ ಪರದೆಯನ್ನು ಸೇರಿಸಿತು ಎನ್ನಿ. ಔಟ್‌ಟರ್ನ್ ಎಂದರೆ ಒಣ ಚೆರ್ರಿಯನ್ನು, ಅಂದರೆ ಒಣಗಿಸಿದ ಕಾಫಿ ಹಣ್ಣನ್ನು, ಸಂಸ್ಕರಿಸಿದಾಗ ಸಿಗುವ ಬೀಜದ ಪ್ರಮಾಣ, ಮಾರುವಾಗ ಬೆಲೆ ನಿಂತಿರುವುದು ಅದರ ಮೇಲೆ. ಪರದೆ ಚೆನ್ನಾಗಿಯೇ ಇದೆ. ಆದರೆ ಆ್ಯಪ್ ಬಳಸುವವರು ರೈಟರ್, ಮಾರಾಟದ ಲೆಕ್ಕ ನೋಡುವವರು ಮಾಲೀಕರು. ರೈಟರ್ ಆ ಪರದೆಯನ್ನು ತೆರೆಯುವುದೇ ಇಲ್ಲ. ಆದರೂ ಆಂಡ್ರಾಯ್ಡಿನ ಹೊಸ ಆವೃತ್ತಿ ಬಂದಾಗಲೆಲ್ಲ ತಂಡ ಅದನ್ನೂ ಪರೀಕ್ಷಿಸಬೇಕು, ಅದರ ದೋಷವನ್ನೂ ತಿದ್ದಬೇಕು. ಬರೆದ ಖರ್ಚು ಒಮ್ಮೆ, ಸಾಕುವ ಖರ್ಚು ಕೊನೆಯವರೆಗೆ.

ಬಳಸದ ಕೋಡ್ ಸುಮ್ಮನೆ ಬಿದ್ದಿರುತ್ತದೆ, ಅದರಿಂದ ಏನೂ ಕೆಡುಕಿಲ್ಲ ಎಂದು ಭಾವಿಸುವವರಿಗೆ 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆಯಲ್ಲಿ ನಡೆದದ್ದು ಗೊತ್ತಿರಬೇಕು. ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕುವಾಗ ಒಂದು ತಪ್ಪಿಹೋಯಿತು. ಆ ಒಂದು ಸರ್ವರ್‌ನಲ್ಲಿ ವರ್ಷಗಳ ಹಿಂದೆಯೇ ಬಳಕೆ ನಿಂತಿದ್ದ ಹಳೆಯ ಕೋಡ್ ಎಚ್ಚೆತ್ತು, ಸುಮಾರು 45 ನಿಮಿಷಗಳಲ್ಲಿ ಸಂಸ್ಥೆ 40 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಯಾವ ಪರದೆಯನ್ನು ಎಷ್ಟು ಜನ ತೆರೆದಿದ್ದಾರೆ ಎಂಬ ಎಣಿಕೆಯನ್ನು ನೋಡಿ, ಯಾರೂ ತೆರೆಯದ್ದನ್ನು ಗ್ರಾಹಕರನ್ನು ಕೇಳಿ ತೆಗೆದುಹಾಕಿ. ಒಂದು ಮಾತು ನೆನಪಿರಲಿ: ತೋಟದ ಕೆಲಸ ಹಂಗಾಮಿನದು. ಜುಲೈನಲ್ಲಿ ಯಾರೂ ತೆರೆಯದ ಕೊಯ್ಲಿನ ಪರದೆ ಜನವರಿಯಲ್ಲಿ ದಿನವೂ ಬೇಕಾಗುತ್ತದೆ. ತೆಗೆಯುವ ಮುನ್ನ ಒಂದು ಇಡೀ ವರ್ಷದ ಎಣಿಕೆ ನೋಡಿ.

ಕೈಯಿಂದ ಕೈಗೆ ದಾಟಿಸುವಾಗ ಆಗುವ ನಷ್ಟಕ್ಕೆ ಮದ್ದು ಸುಲಭವಿದೆ, ಮಾಡುವವರು ಕಡಿಮೆ. ಮಾಲೀಕರು ಮಾರಾಟ ಪ್ರತಿನಿಧಿಗೆ ಹೇಳಿ, ಅವರು ತಂಡದ ಮುಖ್ಯಸ್ಥರಿಗೆ ಹೇಳಿ, ಅವರು ಪ್ರೋಗ್ರಾಮರ್‌ಗೆ ಹೇಳುವ ಬದಲು, ಪ್ರೋಗ್ರಾಮರ್ ಅನ್ನೇ ಒಂದು ಸಂಜೆ ಹಣ್ಣು ತೂಗುವ ಜಾಗಕ್ಕೆ ಕಳುಹಿಸಿ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಚೀಲ ಹಿಡಿದು, ಕತ್ತಲಾಗುವ ಮುನ್ನ ಸಾಲಿನಲ್ಲಿ ನಿಂತ ಎಲ್ಲರ ತೂಕವನ್ನು ಬರೆದುಕೊಳ್ಳಬೇಕಾದ ರೈಟರ್‌ಗೆ ನಿಮ್ಮ ಪರದೆಯ ಗುಂಡಿಗಳು ಎಷ್ಟು ದೊಡ್ಡದಿರಬೇಕು ಎಂಬುದು ಯಾವ ದಾಖಲೆಯನ್ನೂ ಓದದೆ ಅಲ್ಲಿ ಗೊತ್ತಾಗುತ್ತದೆ. ಟೊಯೋಟಾದಲ್ಲಿ ಇದನ್ನು ಗೆಂಬಾಕ್ಕೆ ಹೋಗುವುದು, ಅಂದರೆ ಕೆಲಸ ನಡೆಯುವ ಸ್ಥಳಕ್ಕೇ ಹೋಗಿ ನೋಡುವುದು ಎನ್ನುತ್ತಾರೆ.

ಹಂತ 5: ದೋಷ ಕಂಡಲ್ಲೇ ನಿಲ್ಲಿಸಿ

ಟೊಯೋಟಾ ಕಂಪನಿಯನ್ನು ಕಟ್ಟಿದ ಟೊಯೋಡಾ ಮನೆತನದ ಮೂಲ ಉದ್ಯಮ ಮಗ್ಗ. ಸಕಿಚಿ ಟೊಯೋಡಾ ರೂಪಿಸಿದ ಸ್ವಯಂಚಾಲಿತ ಮಗ್ಗ ನೂಲು ಹರಿದ ಕೂಡಲೇ ತಾನಾಗಿ ನಿಲ್ಲುತ್ತಿತ್ತು, ಹಾಳಾದ ಬಟ್ಟೆಯನ್ನು ಗಜಗಟ್ಟಲೆ ನೇಯುತ್ತಾ ಹೋಗುತ್ತಿರಲಿಲ್ಲ. ಸಾಫ್ಟ್‌ವೇರಿನಲ್ಲಿ ಈ ಕೆಲಸವನ್ನು ಮಾಡುವುದು ಸ್ವಯಂಚಾಲಿತ ಪರೀಕ್ಷೆಗಳು. ಯಾರಾದರೂ ಕೋಡ್ ಸೇರಿಸಿದ ಪ್ರತಿ ಸಲವೂ ಅವು ತಾವಾಗಿ ಓಡಬೇಕು, ಒಂದು ಸೋತರೂ ಬಿಡುಗಡೆಯ ದಾರಿ ಮುಚ್ಚಬೇಕು. ಇದನ್ನು ನಿರಂತರ ಏಕೀಕರಣ ಎನ್ನುತ್ತಾರೆ.

ಹಳೆಯ ಕೋಡಿಗೆಲ್ಲ ಒಮ್ಮೆಲೇ ಪರೀಕ್ಷೆ ಬರೆಯಲು ಕೂರಬೇಡಿ, ಮುಗಿಯುವುದಿಲ್ಲ. ಹಣದ ಲೆಕ್ಕ ಎಲ್ಲಿದೆಯೋ ಅಲ್ಲಿಂದ ಆರಂಭಿಸಿ. ಆಮೇಲೆ ಹೊರಗಿನಿಂದ ಬಂದ ಪ್ರತಿ ದೋಷಕ್ಕೂ, ತಿದ್ದುವ ಮೊದಲು, ಆ ದೋಷವನ್ನು ತೋರಿಸುವ ಒಂದು ಪರೀಕ್ಷೆ ಬರೆಯಿರಿ.

ತಿದ್ದಿದ ಮೇಲೆ ಕಾರಣವನ್ನೂ ಹುಡುಕಬೇಕು. ಇದಕ್ಕೆ ‘ಏಕೆ’ ಎಂದು ಐದು ಸಲ ಕೇಳುವ ಕ್ರಮವಿದೆ. ಒಂದು ತೋಟದಲ್ಲಿ ಒಬ್ಬ ಕಾರ್ಮಿಕರಿಗೆ ಒಂದೇ ದಿನದ ಕೂಲಿ ಎರಡು ಸಲ ಲೆಕ್ಕವಾಯಿತು ಎಂದಿಟ್ಟುಕೊಳ್ಳಿ. ಏಕೆ? ಆ ದಿನದ ತೂಕ ಎರಡು ಸಲ ದಾಖಲಾಗಿತ್ತು. ಏಕೆ? ಫೋನು ಅದೇ ದಾಖಲೆಯನ್ನು ಸರ್ವರ್‌ಗೆ ಎರಡು ಸಲ ಕಳುಹಿಸಿತ್ತು. ಏಕೆ? ಮೊದಲ ಸಲ ಕಳುಹಿಸಿದ ನಂತರ ನೆಟ್‌ವರ್ಕ್ ಹೋಯಿತು, ‘ತಲುಪಿತು’ ಎಂಬ ಉತ್ತರ ಫೋನಿಗೆ ಬರಲಿಲ್ಲ, ಆದ್ದರಿಂದ ಅದು ಮತ್ತೆ ಕಳುಹಿಸಿತು. ಎರಡನೆಯದನ್ನು ಸರ್ವರ್ ಏಕೆ ಸ್ವೀಕರಿಸಿತು? ಎರಡೂ ಒಂದೇ ದಾಖಲೆ ಎಂದು ಗುರುತಿಸಲು ಅದರಲ್ಲಿ ಯಾವ ಸಂಖ್ಯೆಯೂ ಇರಲಿಲ್ಲ. ಇದು ನಮ್ಮ ಪರೀಕ್ಷೆಯಲ್ಲಿ ಏಕೆ ಸಿಕ್ಕಲಿಲ್ಲ? ಪರೀಕ್ಷೆಯೆಲ್ಲ ನಡೆದದ್ದು ಕಚೇರಿಯ ವೈಫೈನಲ್ಲಿ.

ಇಲ್ಲಿಂದ ಎರಡು ಪರಿಹಾರ ಹೊರಡುತ್ತವೆ. ಪ್ರತಿ ದಾಖಲೆಗೂ ಫೋನಿನಲ್ಲೇ ಒಂದು ಅನನ್ಯ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ‘ತಲುಪಿದೆ’ ಎಂದಷ್ಟೇ ಉತ್ತರಿಸಿ ಮತ್ತೆ ಬರೆದುಕೊಳ್ಳದಂತೆ ಮಾಡುವುದು ಒಂದು. ಮಧ್ಯದಲ್ಲಿ ನೆಟ್‌ವರ್ಕ್ ಕಡಿದು ನೋಡುವ ಪರೀಕ್ಷೆಯನ್ನು ಖಾಯಂ ಮಾಡುವುದು ಇನ್ನೊಂದು. ಮಳೆಗಾಲದಲ್ಲಿ ಕರೆಂಟು ಹೋಗಿ, ಅದರ ಹಿಂದೆಯೇ ಟವರ್ ಕೂಡ ಮಲಗುವ ಜಿಲ್ಲೆಯಲ್ಲಿ ಎರಡನೆಯದನ್ನು ಮಾಡದೆ ಯಾವ ಆ್ಯಪನ್ನೂ ಹೊರಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಐದು ಎಂಬ ಸಂಖ್ಯೆಗೆ ಅಂಟಿಕೊಳ್ಳಬೇಕಿಲ್ಲ, ಕೆಲವೊಮ್ಮೆ ಮೂರಕ್ಕೇ ಸಿಗುತ್ತದೆ. ಉತ್ತರ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಬಂದು ನಿಂತರೆ ಮಾತ್ರ ದಾರಿ ತಪ್ಪಿದಿರೆಂದು ತಿಳಿದು ಹಿಂದಿನ ಪ್ರಶ್ನೆಗೆ ಮರಳಿ.

ಹಂತ 6: ಸಣ್ಣ ತುಂಡುಗಳಲ್ಲಿ ತಲುಪಿಸಿ, ಹಂಗಾಮನ್ನು ನೋಡಿಕೊಳ್ಳಿ

ತಿಂಗಳಿಗೊಮ್ಮೆ ಬಿಡುವ ಹತ್ತು ಬದಲಾವಣೆಗಳಿಗಿಂತ ವಾರಕ್ಕೊಮ್ಮೆ ಬಿಡುವ ಎರಡು ಮೂರು ಬದಲಾವಣೆಗಳು ಸುರಕ್ಷಿತ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹುಡುಕುವುದು ಸುಲಭ, ಹಿಂದಕ್ಕೆ ತೆಗೆಯುವುದೂ ಸುಲಭ. ಮುಂಗಡದ ಕೋರಿಕೆಯನ್ನೇ ತೆಗೆದುಕೊಂಡರೆ, ಮೊದಲ ವಾರ ರೈಟರ್ ಮುಂಗಡವನ್ನು ಬರೆದಿಡುವಷ್ಟು, ಎರಡನೇ ವಾರ ಪಟ್ಟಿಯಲ್ಲಿ ಅದು ಕಾಣುವಷ್ಟು, ಮೂರನೇ ವಾರ ತಾನಾಗಿ ಕಳೆಯುವಷ್ಟು ಕೊಡಬಹುದು. ಮೊದಲ ತುಂಡು ತಲುಪಿದಾಗಲೇ ‘ಮುಂಗಡವನ್ನು ಒಂದೇ ಸಲ ಕಳೆಯುವುದಿಲ್ಲ, ಕಂತಿನಲ್ಲಿ ಹಿಡಿಯುತ್ತೇವೆ’ ಎಂಬ ಮಾತು ರೈಟರ್ ಬಾಯಿಂದ ಬರುವ ಸಂಭವವಿದೆ. ಆ ಮಾತು ಮೂರನೇ ತುಂಡನ್ನು ಬರೆಯುವ ಮೊದಲೇ ಬಂದರೆ ಬರೆದು ಅಳಿಸುವ ಕೆಲಸ ತಪ್ಪುತ್ತದೆ.

ಕೈಯಾರೆ ಬಿಡುಗಡೆ ಮಾಡುತ್ತಿದ್ದರೆ ವಾರಕ್ಕೊಮ್ಮೆ ಎಂಬುದು ಹಿಂಸೆಯಾಗುತ್ತದೆ. ಆದ್ದರಿಂದ ಬಿಡುಗಡೆಯ ಕ್ರಮವನ್ನು ಒಂದು ಆಜ್ಞೆಯಲ್ಲಿ ನಡೆಯುವಂತೆ ಮೊದಲು ಬರೆದಿಡಿ.

ಟೊಯೋಟಾ ಪದ್ಧತಿ ವ್ಯರ್ಥದ ಜೊತೆಗೆ ಇನ್ನೆರಡು ಶತ್ರುಗಳನ್ನು ಹೆಸರಿಸುತ್ತದೆ: ಏರಿಳಿತ ಮತ್ತು ಅತಿಭಾರ. ಸಾಫ್ಟ್‌ವೇರ್ ಬರಹಗಳಲ್ಲಿ ಇವುಗಳ ಪ್ರಸ್ತಾಪ ಕಡಿಮೆ, ಆದರೆ ಕೊಡಗಿನ ಗ್ರಾಹಕರಿಗೆ ಕೆಲಸ ಮಾಡುವವರಿಗೆ ಇವೇ ಹೆಚ್ಚು ಕಾಡುತ್ತವೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ, ರೋಬಸ್ಟಾ ಕೊಯ್ಲು ಹೊಸ ವರ್ಷದ ನಂತರ ಜೋರಾಗುತ್ತದೆ. ತೋಟದವರಿಗೆ ಆ್ಯಪಿನ ನೆನಪಾಗುವುದೇ ಅಕ್ಟೋಬರ್ ಕೊನೆಯಲ್ಲಿ. ಎಲ್ಲ ಕೋರಿಕೆಗಳೂ ಒಮ್ಮೆಲೇ ಬಂದು ಬೀಳುತ್ತವೆ, ತಂಡ ರಾತ್ರಿ ಹಗಲು ದುಡಿಯುತ್ತದೆ, ದೋಷಗಳು ಹುಟ್ಟುವುದೂ ಆಗಲೇ. ಇದನ್ನು ಸಮತಟ್ಟು ಮಾಡಲು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯ ತಿಂಗಳುಗಳಲ್ಲಿ, ರೈಟರ್‌ಗಳಿಗೆ ಕೂತು ಮಾತನಾಡಲು ತುಸು ಬಿಡುವಿರುವಾಗ, ಕಳೆದ ಕೊಯ್ಲಿನ ತೊಂದರೆಗಳನ್ನು ಕೇಳಿ ಬರೆದುಕೊಳ್ಳಿ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಹೊಸ ಆವೃತ್ತಿಯನ್ನು ಒಂದೆರಡು ತೋಟಗಳಲ್ಲಿ ಹಾಜರಿಗೆ ಮಾತ್ರ ಬಳಸಿ ನೋಡಿ. ನವೆಂಬರ್-ಡಿಸೆಂಬರ್‌ನಲ್ಲಿ ಬರುವ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ದೊಡ್ಡ ಬದಲಾವಣೆಗಳೆಲ್ಲ ಮುಗಿದಿರಲಿ, ಅಲ್ಲಿಂದ ಮಾರ್ಚ್‌ವರೆಗೆ ದೋಷ ತಿದ್ದುವುದು ಮಾತ್ರ. ಹೋಂಸ್ಟೇ ಬುಕಿಂಗ್ ಆ್ಯಪ್ ಮಾಡುವವರು ಇದೇ ರೀತಿ ರಜೆಯ ವಾರಗಳನ್ನು ಮುಂಚೆಯೇ ಗುರುತು ಹಾಕಿಕೊಳ್ಳಬೇಕು.

ಹಂತ 7: ಬದಲಿಸಲು ಕಷ್ಟವಾದ ತೀರ್ಮಾನವನ್ನು ತಡೆಹಿಡಿಯಿರಿ

‘ತಡವಾಗಿ ತೀರ್ಮಾನಿಸಿ’ ಎಂಬ ತತ್ತ್ವವನ್ನು ಅತಿ ಹೆಚ್ಚು ತಪ್ಪಾಗಿ ಅರ್ಥ ಮಾಡಿಕೊಳ್ಳಲಾಗಿದೆ. ಇದು ಮುಂದೂಡುವ ಚಾಳಿಗೆ ಪರವಾನಗಿಯಲ್ಲ. ಇನ್ನೂ ತಡಮಾಡಿದರೆ ಒಂದು ಆಯ್ಕೆ ಕೈತಪ್ಪುತ್ತದೆ ಎನ್ನುವ ಘಳಿಗೆಯವರೆಗೆ ಮಾತ್ರ ಕಾಯುವುದು, ಕಾಯುವಾಗ ಮಾಹಿತಿ ಸಂಗ್ರಹಿಸುವುದು. ಗುಂಡಿಯ ಬಣ್ಣದಂಥ ಸುಲಭವಾಗಿ ತಿದ್ದಬಹುದಾದ ವಿಷಯವನ್ನು ಐದು ನಿಮಿಷದಲ್ಲಿ ತೀರ್ಮಾನಿಸಿ ಮುಂದೆ ಹೋಗಿ. ಯಾವ ಡೇಟಾಬೇಸ್, ಯಾವ ಕ್ಲೌಡ್ ಎಂಬಂಥವುಗಳಿಗೆ ಸಾಧ್ಯವಿದ್ದರೆ ಎರಡು ಆಯ್ಕೆಗಳನ್ನು ಸಣ್ಣದಾಗಿ ಮಾಡಿ ನೋಡಿ ಆರಿಸಿ. ಕೂಲಿಯ ದರವನ್ನು ಕೋಡಿನೊಳಗೆ ಬರೆಯದೆ ತೋಟದವರೇ ಬದಲಿಸಬಹುದಾದ ಜಾಗದಲ್ಲಿ ಇಡುವುದೂ ಇದೇ ತತ್ತ್ವದ ಬಳಕೆ.

ಭದ್ರತೆ ಮತ್ತು ಕಾರ್ಮಿಕರ ಖಾಸಗಿ ಮಾಹಿತಿಯ ವಿಷಯದಲ್ಲಿ ಈ ತತ್ತ್ವ ಬೇಡ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಯಾರಿಗೆ ಕಾಣಬೇಕು ಎಂಬುದು ಮೊದಲ ದಿನವೇ ತೀರ್ಮಾನವಾಗಬೇಕು.

ಹಂತ 8: ಅಳೆಯಿರಿ, ಆದರೆ ಎರಡನ್ನೇ

ಕೋರಿಕೆ ಬಂದ ದಿನದಿಂದ ಬಳಕೆಗೆ ಬಂದ ದಿನದವರೆಗೆ ಎಷ್ಟು ದಿನ, ಮತ್ತು ಬಿಡುಗಡೆಯ ನಂತರ ಗ್ರಾಹಕರು ಕಂಡುಹಿಡಿದ ದೋಷ ಎಷ್ಟು. ಈ ಎರಡು ಸಾಕು. ಮೊದಲನೆಯದಕ್ಕೆ ಚೀಟಿಯ ಮೂಲೆಯಲ್ಲಿ ಬರೆದ ದಿನಾಂಕವೇ ಆಧಾರ. ಒಂದನ್ನು ಮಾತ್ರ ಅಳೆದರೆ ತಂಡ ಇನ್ನೊಂದನ್ನು ಬಲಿಕೊಡುತ್ತದೆ. ಬರೆದ ಸಾಲುಗಳ ಸಂಖ್ಯೆ, ಒಬ್ಬೊಬ್ಬರೂ ಮುಗಿಸಿದ ಚೀಟಿಗಳ ಸಂಖ್ಯೆ ಇವನ್ನು ಅಳೆಯಲೇಬೇಡಿ. ಹಾಗೆ ಮಾಡಿದ ಮರುವಾರವೇ ಯಾರೂ ಇನ್ನೊಬ್ಬರ ರಿವ್ಯೂಗೆ ಕೂರುವುದಿಲ್ಲ, ಮೂರನೇ ಹಂತದಲ್ಲಿ ಕಟ್ಟಿದ್ದು ಕುಸಿಯುತ್ತದೆ.

ವಾರದ ಆ ಒಂದು ಗಂಟೆಯಲ್ಲಿ ಗೋಡೆಯ ಮುಂದೆ ನಿಂತು, ಅತಿ ಹೆಚ್ಚು ದಿನ ಅಲ್ಲಾಡದ ಚೀಟಿ ಯಾವುದು ಎಂದು ನೋಡಿ, ಅದಕ್ಕೆ ಅಡ್ಡಿಯಾದ ಒಂದೇ ಒಂದು ಕಾರಣವನ್ನು ಮುಂದಿನ ವಾರಕ್ಕೆ ಸರಿಪಡಿಸಲು ಒಪ್ಪಿಕೊಳ್ಳಿ. ಕಾರಣಗಳು ಐದು ಕಂಡರೂ ಒಂದೇ.

ಮೊತ್ತ ನಿಗದಿಯಾದ ಕರಾರಿದ್ದರೆ

ಕೊನೆಯದಾಗಿ, ಬಹಳ ಜನ ಕೇಳುವ ಇನ್ನೊಂದು ವಿಷಯ. ಸಹಕಾರ ಸಂಘಗಳೂ ಕಾಫಿ ಸಂಸ್ಕರಣಾ ಘಟಕಗಳೂ ಕೆಲಸ ಕೊಡುವಾಗ ಇಷ್ಟು ಸೌಲಭ್ಯ, ಇಷ್ಟು ಹಣ, ಇಷ್ಟು ದಿನ ಎಂದು ಮೊದಲೇ ಬರೆಯಿಸಿಕೊಳ್ಳುತ್ತವೆ, ಅಲ್ಲಿ ಸಣ್ಣ ತುಂಡು, ತಡವಾದ ತೀರ್ಮಾನ ಹೇಗೆ ಸಾಧ್ಯ ಎಂಬುದು. ಪೂರ್ತಿಯಾಗಿ ಸಾಧ್ಯವಿಲ್ಲ. ಆದರೂ ಕರಾರಿನಲ್ಲಿ ಮೂರು ಸಾಲು ಸೇರಿಸಲು ಕೇಳಿಕೊಳ್ಳಬಹುದು. ಪಾವತಿ ಒಂದೇ ಕಂತಿನಲ್ಲಿರದೆ ಬಳಕೆಗೆ ಬಂದ ತುಂಡಿಗೆ ತಕ್ಕಂತೆ ಇರಲಿ. ಇನ್ನೂ ಶುರುವಾಗದ ಒಂದು ಸೌಲಭ್ಯವನ್ನು ಅಷ್ಟೇ ಗಾತ್ರದ ಇನ್ನೊಂದಕ್ಕೆ ಹೆಚ್ಚುವರಿ ಹಣವಿಲ್ಲದೆ ಬದಲಿಸಿಕೊಳ್ಳುವ ಹಕ್ಕು ಗ್ರಾಹಕರಿಗಿರಲಿ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ, ಸಾಫ್ಟ್‌ವೇರನ್ನು ನಿಜವಾಗಿ ಬಳಸುವ ಒಬ್ಬ ಗುಮಾಸ್ತರನ್ನೋ ರೈಟರನ್ನೋ ತಂಡದೊಡನೆ ಕೂರಿಸುವ ಹೊಣೆ ಗ್ರಾಹಕರದಾಗಿರಲಿ. ಮೊದಲ ಎರಡಕ್ಕೆ ಒಪ್ಪದವರೂ ಮೂರನೆಯದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ, ಏಕೆಂದರೆ ಅದಕ್ಕೆ ದುಡ್ಡು ಬೇಕಾಗಿಲ್ಲ. ಅದೊಂದೇ ಸಿಕ್ಕರೂ ಸಹಿ ಹಾಕಬಹುದು. ಅದೂ ಸಿಗದಿದ್ದರೆ ಪಟ್ಟಿಯ ಪ್ರತಿ ಸೌಲಭ್ಯದ ಎದುರು ‘ಇದನ್ನು ಯಾರು ಬಳಸುತ್ತಾರೆ’ ಎಂಬ ಕಾಲಂ ಸೇರಿಸಿ, ಸಹಿಗೆ ಮುಂಚೆ ಅದನ್ನು ಗ್ರಾಹಕರಿಂದಲೇ ತುಂಬಿಸಿಕೊಳ್ಳಿ. ಖಾಲಿ ಉಳಿದ ಸಾಲುಗಳ ಬಗ್ಗೆ ಆಗಲೇ ಮಾತುಕತೆ ಶುರುಮಾಡಬಹುದು.